ತೂತುಮಂಚದ ಆಸ್ಪತ್ರೆ

ಢಾಕಾದ ಆಟೋ ಚಾಲಕನಿಗೆ ಐಸಿಡಿಡಿಆರ್‌ಬಿ ಎಂಬ ಉದ್ದನೆಯ ಹೆಸರು ಬೇಕಿಲ್ಲ. ಮೊಹಾಖಾಲಿಯ ಕಾಲರಾ ಆಸ್ಪತ್ರೆ ಎಂದರೆ ಮರುಮಾತಿಲ್ಲದೆ ಗಾಡಿ ಹೊರಡುತ್ತದೆ. ಅದೂ ಏಪ್ರಿಲ್ ತಿಂಗಳಾದರೆ ಕೇಳುವುದೇ ಬೇಡ. ಮಳೆಗೆ ಮುಂಚಿನ ಈ ಸುಡುಬಿಸಿಲಿನ ವಾರಗಳಲ್ಲಿ ಒಮ್ಮೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಈ ನಗರದಲ್ಲಿ ವಾಂತಿಭೇದಿ ಉಕ್ಕುತ್ತದೆ. ಆಗ ಆಸ್ಪತ್ರೆಯ ಕಟ್ಟಡ ಸಾಲದೆ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. 2022ರ ಬೇಸಿಗೆಯಲ್ಲಿ ದಿನವೊಂದಕ್ಕೆ 1,200ಕ್ಕೂ ಹೆಚ್ಚು ರೋಗಿಗಳು ಈ ಗೇಟು ದಾಟಿ ಬಂದರು. ಆಸ್ಪತ್ರೆಯ ಇತಿಹಾಸದಲ್ಲಿ ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ಯಾರನ್ನೂ ಹಿಂದೆ ಕಳಿಸಲಿಲ್ಲ. ಇಲ್ಲಿ ಹಾಸಿಗೆ ಇಲ್ಲ ಎಂಬ ಮಾತು ಆಡುವಂತಿಲ್ಲ, ಹಣ ಕೇಳುವಂತಿಲ್ಲ, ರಾತ್ರಿಯೆಂದು ಬಾಗಿಲು ಹಾಕುವಂತಿಲ್ಲ.

ಗೇಟಿನ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಬ್ಲೀಚಿಂಗ್ ಪುಡಿ. ಅದರ ಹಿಂದೆಯೇ ಹುಳಿಹುಳಿಯಾದ ವಾಂತಿಯ ವಾಸನೆ. ಜಾಲರಿ ಬಾಗಿಲಿನ ಆಟೋಗಳು, ಸೈಕಲ್ ರಿಕ್ಷಾಗಳು ಬಂದು ನಿಲ್ಲುತ್ತಲೇ ಇರುತ್ತವೆ. ಇಳಿಯುವವರಲ್ಲಿ ದೊಡ್ಡವರೂ ಇದ್ದಾರೆ, ಆದರೆ ಕಣ್ಣು ಹೋಗುವುದು ಸೀರೆಯ ಸೆರಗಿನಲ್ಲೋ ಲುಂಗಿಯ ತುಂಡಿನಲ್ಲೋ ಸುತ್ತಿ ತಂದ ಕೂಸುಗಳ ಕಡೆಗೆ. ಅಳುವ ಮಗುವನ್ನು ಕಂಡರೆ ಇಲ್ಲಿಯ ನರ್ಸುಗಳಿಗೆ ಸಮಾಧಾನ. ಅಳದ ಮಗುವಿನತ್ತ ಅವರು ಓಡುತ್ತಾರೆ.

ಬಾಗಿಲಲ್ಲೇ ತಕ್ಕಡಿ ಇದೆ. ತೂಕ ನೋಡಿದ ನರ್ಸು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಚಿವುಟಿ ಬಿಡುತ್ತಾಳೆ. ಗಟ್ಟಿಮುಟ್ಟಾದ ಮಗುವಿನಲ್ಲಿ ಅದು ಆ ಕ್ಷಣವೇ ಸಮವಾಗುತ್ತದೆ. ಮೈಯ ನೀರು ಬತ್ತಿದ ಮಗುವಿನಲ್ಲಿ ಚರ್ಮದ ಮಡಿಕೆ ಹಾಗೇ ನಿಂತು, ನಿಧಾನಕ್ಕೆ ಇಳಿಯುತ್ತದೆ. ಜೊತೆಗೆ ಕಣ್ಣು ಒಳಗಿಳಿದಿದೆಯೇ, ಚಮಚ ತೋರಿಸಿದರೆ ಬಾಯಿ ತೆರೆಯುತ್ತದೆಯೇ, ಕರೆದರೆ ನೋಡುತ್ತದೆಯೇ, ಇಷ್ಟೇ ಪರೀಕ್ಷೆ. ಯಂತ್ರವಿಲ್ಲ, ರಕ್ತ ತೆಗೆಯುವುದಿಲ್ಲ. ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ: ಈ ಮಗುವಿಗೆ ಬಾಯಿಯ ಮೂಲಕ ನೀರು ಸಾಕೋ, ರಕ್ತನಾಳಕ್ಕೇ ಸಲೈನ್ ಏರಿಸಬೇಕೋ. ಕಾಲರಾ ಬಲವಾಗಿ ಹಿಡಿದರೆ ಕೆಲವೇ ಗಂಟೆಗಳಲ್ಲಿ ಆಳು ಮುಗಿಯುತ್ತಾನೆ. ಆರೇಳು ಕಿಲೋ ತೂಗುವ ಕೂಸಿನ ಮೈಯಲ್ಲಿ ಕಳೆದುಕೊಳ್ಳಲು ಇರುವ ನೀರಾದರೂ ಎಷ್ಟು? ಆದ್ದರಿಂದ ಹೆಸರು ವಿಳಾಸ ಬರೆಯುವ ಮೊದಲೇ ಇಲ್ಲಿ ಚಿಕಿತ್ಸೆ ಶುರು.

ಬಂದವರಲ್ಲಿ ಪ್ರತಿ ಐವತ್ತನೆಯವರ ಮಲವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಯಾವ ಬಡಾವಣೆಯಿಂದ ಯಾವ ರೋಗಾಣು ಬಂದಿದೆ, ಯಾವ ಔಷಧಕ್ಕೆ ಅದು ಬಗ್ಗುತ್ತಿಲ್ಲ ಎಂಬ ಲೆಕ್ಕ ದಶಕಗಳಿಂದ ಹೀಗೆ ಕೂಡುತ್ತ ಬಂದಿದೆ. ಚಳಿಗಾಲದಲ್ಲಿ ರೋಟಾವೈರಸ್, ಬೇಸಿಗೆಯಲ್ಲಿ ಕಾಲರಾ ಎಂದು ಇಲ್ಲಿನ ಯಾವ ನರ್ಸು ಬೇಕಾದರೂ ಪಂಚಾಂಗ ಓದಿದಂತೆ ಹೇಳಬಲ್ಲಳು.

ಒಳಗಿನ ಹಜಾರದಲ್ಲಿ ಮಂಚಗಳ ಸಾಲು. ಕಾಲರಾ ಮಂಚ ಎಂದೇ ಅದರ ಹೆಸರು. ಚೌಕಟ್ಟಿಗೆ ಬಿಗಿದ ದಪ್ಪ ರೆಕ್ಸಿನ್, ನಡುವೆ ದುಂಡನೆಯ ತೂತು, ತೂತಿನ ಕೆಳಗೆ ಬಕೆಟ್. ಮೊದಲ ಸಲ ನೋಡಿದವರಿಗೆ ಎದೆ ಹಿಂಡುತ್ತದೆ. ಮನುಷ್ಯರನ್ನು ಹೀಗೆ ಮಲಗಿಸುವುದೇ ಎನಿಸುತ್ತದೆ. ಆದರೆ ಗಳಿಗೆಗೊಮ್ಮೆ ನೀರಿನಂತೆ ಹೊರಟುಹೋಗುವ ಮಲವನ್ನು ತಡೆಯಲಾಗದ ರೋಗಿಗೆ, ಎದ್ದು ನಿಲ್ಲುವ ತ್ರಾಣವಿಲ್ಲದವನಿಗೆ, ಇದಕ್ಕಿಂತ ಮರ್ಯಾದೆಯ ಹಾಸಿಗೆ ಇನ್ನೊಂದಿಲ್ಲ. ಬಟ್ಟೆ ಕೊಳೆಯಾಗುವುದಿಲ್ಲ, ಪಕ್ಕದವರಿಗೆ ಸೋಂಕು ಹರಡುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಕೆಟ್ಟಿಗೆ ಎಷ್ಟು ಬಿತ್ತೆಂದು ಅಳೆದರೆ ಅಷ್ಟನ್ನು ಮೈಗೆ ಮರಳಿ ಕೊಡಬಹುದು. ಹೋದಷ್ಟು ನೀರು ತುಂಬಿಕೊಡು ಎಂಬುದೇ ಈ ಆಸ್ಪತ್ರೆಯ ವೈದ್ಯಶಾಸ್ತ್ರದ ಅರ್ಧ ಭಾಗ. ಬಕೆಟ್ ತೆಗೆದು, ತೊಳೆದು, ಮತ್ತೆ ಇಡುವ ಹೆಂಗಸರನ್ನು ಎಲ್ಲರೂ ‘ಖಾಲಾ’ ಎಂದು ಕರೆಯುತ್ತಾರೆ, ಚಿಕ್ಕಮ್ಮ ಎಂದ ಹಾಗೆ. ಡಾಕ್ಟರುಗಳಿಗಿಂತ ಹೆಚ್ಚು ಸಲ ಆ ವಾರ್ಡಿನಲ್ಲಿ ಕೇಳಿಬರುವುದು ಅವರ ಕರೆಯೇ.

ವಾರ್ಡಿನ ಒಂದು ಬದಿಯಲ್ಲಿ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಬಟ್ಟಲು, ಚಮಚ. ಬಟ್ಟಲಲ್ಲಿ ಓಆರ್‌ಎಸ್ ನೀರು. ಒಂದು ವರ್ಷದ ಹುಡುಗನೊಬ್ಬ ಎರಡು ಚಮಚ ಕುಡಿದು ಮೂರನೆಯದನ್ನು ಕಕ್ಕಿಬಿಟ್ಟ. ತಾಯಿ ಗಾಬರಿಯಿಂದ ಬಟ್ಟಲು ಕೆಳಗಿಟ್ಟಳು.

“ನಿಲ್ಲಿಸಬೇಡಿ ಆಪಾ. ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಒಂದೊಂದೇ ಚಮಚ, ಅವಸರ ಬೇಡ,” ಎಂದಳು ನರ್ಸು.

ಪಕ್ಕದಲ್ಲಿದ್ದ ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. “ಸೂಜಿ ಚುಚ್ಚಿ ಬಾಟಲಿ ಏರಿಸು ತಾಯಿ. ಬರೀ ಉಪ್ಪುನೀರಿನಿಂದ ಏನಾಗುತ್ತದೆ?”

ಜೊತೆಗಿದ್ದ ಕಿರಿಯ ವೈದ್ಯ ಇದನ್ನು ನನಗೆ ಅನುವಾದಿಸಿ ಹೇಳಿದಾಗ ಊರಿನ ಆಸ್ಪತ್ರೆಯಲ್ಲೇ ನಿಂತಂತಾಯಿತು. ‘ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸಿ ಡಾಕ್ಟ್ರೇ’ ಎಂಬ ಬೇಡಿಕೆ ನಮ್ಮ ಯಾವ ತಾಲ್ಲೂಕಿನಲ್ಲಿ ಇಲ್ಲ? ನರ್ಸು ಅಜ್ಜಿಯನ್ನು ಗದರಲಿಲ್ಲ. “ನಾನಿ, ಇಲ್ಲಿಯೇ ಕೂತು ನೋಡುತ್ತಿರಿ. ಸಂಜೆಗೆ ನೀವೇ ಹೇಳುವಿರಂತೆ,” ಎಂದು ಮುಂದೆ ಹೋದಳು. ಸಂಜೆಯ ಹೊತ್ತಿಗೆ ಹುಡುಗ ಮೂತ್ರ ಮಾಡಿದ. ಇಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ, ನಾನಿಗೂ ಅದು ತಿಳಿಯಿತು. ಇಲ್ಲಿ ಬರುವವರಲ್ಲಿ ಹೆಚ್ಚಿನವರು ಒಂದು ದಿನದೊಳಗೇ ಮನೆಗೆ ಮರಳುತ್ತಾರೆ.

ಆ ‘ಬರೀ ಉಪ್ಪುನೀರಿ’ನ ಕಥೆ ಈ ಆವರಣದ್ದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 1960ರಲ್ಲಿ, ಇದು ಪೂರ್ವ ಪಾಕಿಸ್ತಾನವಾಗಿದ್ದ ಕಾಲಕ್ಕೆ, ಕಾಲರಾ ಸಂಶೋಧನೆಯ ಪ್ರಯೋಗಾಲಯವಾಗಿ ಈ ಸಂಸ್ಥೆ ಹುಟ್ಟಿತು. 1978ರಲ್ಲಿ ಅಂತಾರಾಷ್ಟ್ರೀಯ ಕೇಂದ್ರವಾಯಿತು. ಭೇದಿಯಾಗುತ್ತಿರುವವನಿಗೆ ನೀರು ಕುಡಿಸಿದರೆ ಅದೂ ಭೇದಿಯಾಗಿಯೇ ಹೋಗುತ್ತದೆ ಎಂಬುದು ವೈದ್ಯರ ಬಹುಕಾಲದ ನಂಬಿಕೆಯಾಗಿತ್ತು. ಬರೀ ನೀರಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಕರುಳಿನಲ್ಲಿ ಒಂದು ಬಾಗಿಲಿದೆ: ಸಕ್ಕರೆ ಮತ್ತು ಉಪ್ಪಿನ ಕಣಗಳು ಜೊತೆಯಾಗಿ ಬಂದರೆ ಅದು ತೆರೆಯುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. ಕಾಲರಾದ ವಿಷ ಕರುಳಿನ ಉಳಿದ ವ್ಯವಸ್ಥೆಯನ್ನೆಲ್ಲ ಕೆಡಿಸಿದರೂ ಈ ಒಂದು ಬಾಗಿಲನ್ನು ಮುಚ್ಚಲಾರದು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ 186 ರೋಗಿಗಳಿಗೆ ಉಪ್ಪು, ಗ್ಲೂಕೋಸಿನ ನೀರು ಕುಡಿಸಿ ಗುಣಪಡಿಸಿದ್ದನ್ನು ಬರೆದಿದ್ದರು, ಜಗತ್ತು ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದ ಈ ಸಂಸ್ಥೆಯಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ವೈದ್ಯರು ಬಂಗಾಳಿ ಸಹೋದ್ಯೋಗಿಗಳ ಜೊತೆ ಸೇರಿ, ರೋಗಿ ಕಳೆದುಕೊಂಡಷ್ಟನ್ನು ಅಳೆದು ಬಾಯಿಯ ಮೂಲಕವೇ ತುಂಬಿದರು. ಸಲೈನ್ ಬಾಟಲಿಗಳ ಅಗತ್ಯ ನೂರಕ್ಕೆ ಎಂಬತ್ತರಷ್ಟು ಇಳಿಯಿತು. ಬಕೆಟ್ಟಿನ ಅಳತೆ ಏಕೆ ಅಷ್ಟು ಮುಖ್ಯ ಎಂಬುದು ಈಗ ಗೊತ್ತಾಗುತ್ತದೆ.

ಅದು ಆಸ್ಪತ್ರೆಯೊಳಗಿನ ಪ್ರಯೋಗ. ಹೊರಗೆ ನಡೆದೀತೇ ಎಂಬ ಅನುಮಾನ ಉಳಿದಿತ್ತು. ಅದನ್ನು ಕಳೆದದ್ದು ಬಾಂಗ್ಲಾದೇಶದ ವಿಮೋಚನಾ ಯುದ್ಧ. 1971ರಲ್ಲಿ ಗಡಿ ದಾಟಿ ಭಾರತಕ್ಕೆ ಬಂದ ಲಕ್ಷಾಂತರ ನಿರಾಶ್ರಿತರ ನಡುವೆ, ಬನಗಾಂವ್ ಎಂಬ ಗಡಿ ಪಟ್ಟಣದ ಪುಟ್ಟ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ, ತಮ್ಮದೇ ಹೊಲಸಿನಲ್ಲಿ ಬಿದ್ದಿದ್ದರು. ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಅವರ ತಂಡ ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಸೋಡಾವನ್ನು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ನೀರಿಗೆ ಕಲಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿತು. ನೂರಕ್ಕೆ ಮೂವತ್ತರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ನರ್ಸೂ ಅಲ್ಲದ, ಓದೂ ಬಾರದ ತಾಯಿ ತನ್ನ ಮಗುವನ್ನು ಕಾಲರಾದ ಬಾಯಿಂದ ಎಳೆದುಕೊಳ್ಳಬಲ್ಲಳು ಎಂಬುದು ಅಂದು ಸಾಬೀತಾಯಿತು. ಅವಿಭಜಿತ ಬಂಗಾಳದ ಕಿಶೋರ್‌ಗಂಜ್‌ನಲ್ಲಿ ಹುಟ್ಟಿದ ಮಹಾಲನಬಿಸ್ ಮುಂದೆ ಢಾಕಾದ ಈ ಸಂಸ್ಥೆಯಲ್ಲೂ ದುಡಿದರು. 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು. ಬದುಕಿದ್ದಾಗ ಅವರನ್ನು ನಮ್ಮ ಎಷ್ಟು ಶಾಲಾ ಪುಸ್ತಕಗಳು ನೆನೆದವು ಎಂಬ ಪ್ರಶ್ನೆ ನನ್ನನ್ನು ನೋಯಿಸುತ್ತದೆ.

ಔಷಧ ಸಿಕ್ಕಿತು. ಅದನ್ನು ಬಾಂಗ್ಲಾದೇಶದ ಒಂದು ಕೋಟಿ ಇಪ್ಪತ್ತು ಲಕ್ಷ ಮನೆಗಳಿಗೆ ಮುಟ್ಟಿಸುವುದು ಹೇಗೆ? ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮಾಡಿದ ಕೆಲಸ ಇದು. ಆಗ ಹಳ್ಳಿಗಳಲ್ಲಿ ಓಆರ್‌ಎಸ್ ಪೊಟ್ಟಣ ಸಿಗುತ್ತಿರಲಿಲ್ಲ, ಅಳತೆಯ ಚಮಚ ಇರಲಿಲ್ಲ. ಇದ್ದದ್ದು ಕೈ. ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಊರಿಂದೂರಿಗೆ ನಡೆದ ಹೆಣ್ಣುಮಕ್ಕಳ ತಂಡಗಳು ಮನೆಯ ಅಂಗಳದಲ್ಲಿ ಕೂತು ತಾಯಿಯ ಕೈಯಿಂದಲೇ ಅದನ್ನು ಮಾಡಿಸಿದವು. ಕೆಲವು ವಾರಗಳ ನಂತರ ಬೇರೊಬ್ಬರು ಹೋಗಿ, ಕಲಿಸಿದ್ದು ನೆನಪಿದೆಯೇ ಎಂದು ಕೇಳಿ, ಮತ್ತೆ ಮಾಡಿಸಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದಾಕೆಯ ಸಂಬಳ. ಇಷ್ಟಾದರೂ ಮೊದಮೊದಲು ತಾಯಂದಿರು ಬಾಯಿಪಾಠ ಒಪ್ಪಿಸಿದರೇ ಹೊರತು ಮಗುವಿಗೆ ಭೇದಿಯಾದಾಗ ಆ ನೀರನ್ನು ಕೊಡಲಿಲ್ಲ. ಕಾರಣ ಹುಡುಕಿದರೆ, ಕಲಿಸುವ ಕಾರ್ಯಕರ್ತೆಯರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದಾಗ ಅವರೂ ಮಾತ್ರೆ ನುಂಗುತ್ತಿದ್ದರು. ಅವರನ್ನು ಢಾಕಾಕ್ಕೆ ಕರೆತಂದು ಅದು ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದರು. ಹಳ್ಳಿಗಳಲ್ಲಿ ಗಂಡಸರನ್ನೂ ಸೇರಿಸಿಕೊಂಡರು, ಸಂತೆಯಲ್ಲಿ, ಮಸೀದಿಯ ಮುಂದೆ ಮಾತಾಡಿದರು. ಆಮೇಲೆ ಅದು ಮನೆಮದ್ದಾಯಿತು. ಓಲಾ ಬೀಬಿ ಎಂದು ಮುಸಲ್ಮಾನರೂ ಓಲಾಯಿಚಂಡಿ ಎಂದು ಹಿಂದೂಗಳೂ ಕಾಲರಾದ ದೇವಿಯ ಮುಂದೆ ಕೈಮುಗಿದು ನಿಲ್ಲುತ್ತಿದ್ದ ನಾಡು ಇದು, ನಮ್ಮ ಊರುಗಳ ಗಡಿಯಲ್ಲಿ ಮಾರಮ್ಮ ಇದ್ದ ಹಾಗೆ. ಇಲ್ಲಿನ ತಾಯಂದಿರು ಕೈಮುಗಿಯುವುದನ್ನು ಬಿಟ್ಟಿಲ್ಲ, ಕೈಗೆ ಒಂದು ಕೆಲಸವೂ ಸಿಕ್ಕಿದೆ. ಬಾಂಗ್ಲಾದೇಶದಲ್ಲಿ 1990ರ ಹೊತ್ತಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ 140ಕ್ಕೂ ಹೆಚ್ಚು ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಿದ್ದವು. ಈಗ ಅದು ಮೂವತ್ತರ ಆಸುಪಾಸಿನಲ್ಲಿದೆ. ಲಸಿಕೆ, ಹೆಣ್ಣುಮಕ್ಕಳ ಓದು, ಕುಟುಂಬ ಚಿಕ್ಕದಾದದ್ದು ಎಲ್ಲವೂ ಅದರ ಹಿಂದಿವೆ, ಆದರೆ ಬೆಲ್ಲ ಉಪ್ಪಿನ ನೀರಿನ ಪಾಲು ದೊಡ್ಡದು.

ಮೇಲಿನ ವಾರ್ಡಿಗೆ ಬಂದರೆ ಗದ್ದಲ ಕಡಿಮೆಯಾಗುತ್ತದೆ. ಇಲ್ಲಿ ಭೇದಿಯ ಜೊತೆ ತೀವ್ರ ಅಪೌಷ್ಟಿಕತೆಯೂ ಇರುವ ಮಕ್ಕಳಿದ್ದಾರೆ. ಕೈಕಾಲು ಕಡ್ಡಿಯಾಗಿ, ಮುಖ ಮುದುಕರದ್ದಾಗಿ, ಕೆಲವರ ಪಾದ ಬಾತುಕೊಂಡು ಒತ್ತಿದರೆ ಗುಳಿ ಬೀಳುತ್ತದೆ. ಈ ಮಕ್ಕಳಿಗೆ ಕೆಳಗಿನ ವಾರ್ಡಿನ ನಿಯಮ ನಡೆಯುವುದಿಲ್ಲ. ಸಲೈನನ್ನು ಜೋರಾಗಿ ಏರಿಸಿದರೆ ಸೊರಗಿದ ಹೃದಯ ತಡೆಯಲಾರದೆ ನಿಂತುಹೋಗಬಹುದು. ಹಸಿದಿದೆಯೆಂದು ಒಮ್ಮೆಗೇ ತುಂಬ ಉಣಿಸಿದರೂ ಅಪಾಯ. ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ, ಹಗಲೂ ರಾತ್ರಿ, ಹಾಲು, ಅಕ್ಕಿಹಿಟ್ಟು, ಸಕ್ಕರೆ, ಎಣ್ಣೆ ಬೆರೆಸಿದ ‘ಮಿಲ್ಕ್ ಸುಜಿ’. ಮಗು ಚೇತರಿಸಿಕೊಂಡ ಮೇಲೆ ಅಕ್ಕಿ, ಬೇಳೆ, ಕುಂಬಳಕಾಯಿ, ಎಣ್ಣೆಯ ಖಿಚುಡಿ, ಬೆಲ್ಲ ಬೇಳೆಯ ಹಲ್ವ. ಮನೆಯಲ್ಲೂ ಮಾಡಬಹುದಾದ ಅಡುಗೆಯೇ ಇರಲಿ ಎಂದು ಬೇಕೆಂದೇ ಆರಿಸಿದ್ದು, ತಾಯಂದಿರಿಗೆ ಮಾಡಿಯೂ ತೋರಿಸುತ್ತಾರೆ. ಇಂಥ ಮಕ್ಕಳ ಆರೈಕೆಗೆ ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟ ಕ್ರಮವೊಂದನ್ನು ಇಲ್ಲಿನ ವೈದ್ಯರು ಜಾರಿಗೆ ತಂದಾಗ ನೂರಕ್ಕೆ 17 ಇದ್ದ ಸಾವು 9ಕ್ಕೆ ಇಳಿದದ್ದನ್ನು 1999ರಲ್ಲಿ ಪ್ರಕಟಿಸಿದರು. ಹೊಸ ಔಷಧವೇನೂ ಬಂದಿರಲಿಲ್ಲ. ಇದ್ದದ್ದನ್ನೇ ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ಕೊಟ್ಟದ್ದಷ್ಟೇ.

ಹಸಿವಿಗೂ ಭೇದಿಗೂ ಇರುವ ನಂಟು ಈ ವಾರ್ಡಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕೊಳಕು ನೀರು, ಕೊಳಕು ಕೈ, ಕೊಳಕು ನೆಲದಿಂದ ರೋಗಾಣುಗಳು ಮತ್ತೆ ಮತ್ತೆ ಹೊಟ್ಟೆ ಸೇರಿದಾಗ ಕರುಳಿನ ಒಳಗೋಡೆಯ ಸೂಕ್ಷ್ಮವಾದ ಎಳೆಗಳು ಒಗೆದು ಒಗೆದು ಜುಂಗು ಸವೆದ ಟವೆಲ್ಲಿನಂತೆ ನೆಲಸಮವಾಗುತ್ತವೆ. ಆಮೇಲೆ ಮಗು ತಿಂದದ್ದು ಮೈಗೆ ಹತ್ತುವುದಿಲ್ಲ. ಮೈಗೆ ಹತ್ತದ ಮಗುವಿಗೆ ರೋಗ ತಡೆಯುವ ಶಕ್ತಿ ಇಲ್ಲ, ಮತ್ತೆ ಭೇದಿ. ಊರಲ್ಲಿ ‘ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ’ ಎಂದು ತಾಯಂದಿರು ಹೇಳುವುದನ್ನು ನಾವು ಕೇಳಿ ಸುಮ್ಮನಾಗುತ್ತೇವೆ. ಅದರಲ್ಲಿ ಎಷ್ಟು ನಿಜವಿದೆ ಎಂಬುದನ್ನು ಇಲ್ಲಿನ ವಿಜ್ಞಾನಿಗಳು ಮಿರ್‌ಪುರದ ಕೊಳೆಗೇರಿಯ ಮಕ್ಕಳಲ್ಲಿ ಅಳೆದಿದ್ದಾರೆ. ಕಡಲೆಹಿಟ್ಟು, ಸೋಯಾ, ಶೇಂಗಾ, ಬಾಳೆಕಾಯಿ ಸೇರಿಸಿ ಮಾಡಿದ ಆಹಾರವೊಂದು ಕರುಳಿನಲ್ಲಿ ಬೇಕಾದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಹೆಚ್ಚು ಕ್ಯಾಲೊರಿಯ ಸಿದ್ಧ ಆಹಾರಕ್ಕಿಂತ ಚೆನ್ನಾಗಿ ಮಕ್ಕಳ ಬೆಳವಣಿಗೆಗೆ ನೆರವಾಯಿತೆಂದು 2021ರಲ್ಲಿ ತೋರಿಸಿದ್ದಾರೆ.

ತೀವ್ರ ನಿಗಾ ಘಟಕದಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ, ನಿಲ್ಲಲೂಬಾರದು. ಆದರೆ ಅಲ್ಲಿ ಕಂಡ ಒಂದು ಬಾಟಲಿಯ ಬಗ್ಗೆ ಹೇಳದೆ ಇರಲಾರೆ. ಶಾಂಪೂ ತುಂಬುವಂಥ ಪ್ಲಾಸ್ಟಿಕ್ ಬಾಟಲಿ, ಅರ್ಧ ನೀರು, ನೀರಿನಲ್ಲಿ ಮುಳುಗಿದ ಕೊಳವೆ, ಗುಳುಗುಳು ಗುಳ್ಳೆ. ಕೊಳವೆಯ ಇನ್ನೊಂದು ತುದಿ ನ್ಯುಮೋನಿಯಾದಿಂದ ಏದುಸಿರು ಬಿಡುವ ಕೂಸಿನ ಮೂಗಿನಲ್ಲಿ. ಮಗು ಬಿಟ್ಟ ಉಸಿರು ನೀರನ್ನು ತಳ್ಳಿಕೊಂಡು ಹೊರಬರಬೇಕಾದ್ದರಿಂದ ಶ್ವಾಸಕೋಶದಲ್ಲಿ ಸ್ವಲ್ಪ ಒತ್ತಡ ಉಳಿಯುತ್ತದೆ, ಗಾಳಿಯ ಚೀಲಗಳು ಮುಚ್ಚಿಹೋಗುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ವೆಂಟಿಲೇಟರ್ ಇಲ್ಲದ ಕಡೆ ಇದು ಉಸಿರು ಉಳಿಸುತ್ತದೆ. ಇದರ ಹಿಂದಿರುವವರು ಡಾ. ಮೊಹಮ್ಮದ್ ಜೊಬಾಯೆರ್ ಚಿಸ್ತಿ. ಸಿಲ್ಹೆಟ್‌ನಲ್ಲಿ ಕಿರಿಯ ವೈದ್ಯರಾಗಿದ್ದಾಗ ಒಂದೇ ರಾತ್ರಿ ಮೂರು ಮಕ್ಕಳು ನ್ಯುಮೋನಿಯಾದಿಂದ ಸಾಯುವುದನ್ನು ಕಂಡವರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 225 ಮಕ್ಕಳಿದ್ದರು. ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 15 ಮಕ್ಕಳು ತೀರಿಕೊಂಡರೆ, ಗುಳ್ಳೆ ಬಾಟಲಿಯ ನೆರವು ಪಡೆದವರಲ್ಲಿ 4. ಅನುಭವಿ ವೈದ್ಯರು, ಎಚ್ಚರದ ನರ್ಸುಗಳು ಪಕ್ಕದಲ್ಲಿದ್ದರೆ ಮಾತ್ರ ಈ ಫಲ. ಬಾಟಲಿಯ ಫೋಟೊ ನೋಡಿ ಬೆರಗಾಗುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಕೆಳಗೆ ಬರುವಾಗ ಮೆಟ್ಟಿಲ ಬಳಿ ತಾಯಿಯೊಬ್ಬಳು ಡಾಕ್ಟರ ಜೊತೆ ಮಾತಾಡುತ್ತಿದ್ದಳು. ಅಪೌಷ್ಟಿಕತೆಯ ವಾರ್ಡಿನಲ್ಲಿದ್ದ ಮಗುವನ್ನು ಇನ್ನೂ ಕೆಲವು ದಿನ ಇಟ್ಟುಕೊಳ್ಳಬೇಕೆಂದು ಡಾಕ್ಟರು, ಇಂದೇ ಹೋಗುತ್ತೇನೆಂದು ಅವಳು. “ಮನೆಯಲ್ಲಿ ಇನ್ನೆರಡು ಇವೆ ಡಾಕ್ಟರ್ ಸಾಹೇಬ್. ದೊಡ್ಡವಳಿಗೆ ಏಳು ವರ್ಷ, ಅವಳೇ ಚಿಕ್ಕವನನ್ನು ನೋಡುತ್ತಿದ್ದಾಳೆ. ನಾನು ಫ್ಯಾಕ್ಟರಿಗೆ ಹೋಗದೆ ವಾರವಾಯಿತು. ಹೆಸರು ಹೊಡೆದುಹಾಕಿದರೆ?” ಡಾಕ್ಟರ ಬಳಿ ಇದಕ್ಕೆ ಔಷಧವಿರಲಿಲ್ಲ. ಆ ವಾರ್ಡಿನಿಂದ ಮಕ್ಕಳು ಅರ್ಧಕ್ಕೇ ಹೊರಟುಹೋಗುವುದಕ್ಕೆ ತಾಯಿಯ ಅಜ್ಞಾನ ಕಾರಣವೆಂದು ಬರೆಯುವವರಿದ್ದಾರೆ. ನನಗೆ ಅದು ಅನ್ಯಾಯದ ಮಾತೆನಿಸುತ್ತದೆ. ಅವಳು ಒಂದು ಮಗುವನ್ನು ಉಳಿಸಲು ಇನ್ನೆರಡನ್ನು ಬಿಟ್ಟು ಬಂದಿದ್ದಳು. ಬಾಂಗ್ಲಾದೇಶದ ಗಾರ್ಮೆಂಟ್ ಕಾರ್ಮಿಕರ ಕನಿಷ್ಠ ಸಂಬಳ 2023ರ ಕೊನೆಯಿಂದ ತಿಂಗಳಿಗೆ 12,500 ಟಾಕಾ. ಅದರಲ್ಲಿ ಕೋಣೆಯ ಬಾಡಿಗೆ ಕಳೆದರೆ ಉಳಿಯುವುದನ್ನು ಅವಳು ಚೆನ್ನಾಗಿ ಬಲ್ಲಳು.

ಇಂಥ ಮಕ್ಕಳು ಮರಳಿ ಹೋಗುವ ಜಾಗ ಹೇಗಿರುತ್ತದೆಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬನಾನಿ ಕೆರೆಯ ದಂಡೆಗೆ ಒತ್ತಿಕೊಂಡಿರುವ ಕೊರೈಲ್ ಬಸ್ತಿಗೆ ಮೊಹಾಖಾಲಿಯಿಂದ ನಡೆದೇ ಹೋಗಬಹುದು. ನೀರಿನಾಚೆ ಗುಲ್ಶನ್‌ನ ಗಾಜಿನ ಕಟ್ಟಡಗಳು. ಈಚೆ ತಗಡಿನ ಗೋಡೆ, ತಗಡಿನ ಸೂರು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದ ಓಣಿಗಳು. ಒಂದು ಕೋಣೆಗೆ ಒಂದು ಸಂಸಾರ, ಹಲವು ಸಂಸಾರಕ್ಕೆ ಒಂದು ಒಲೆಮನೆ, ಒಂದು ಕಕ್ಕಸು. ಓಣಿಯ ನಡುವೆ ಚರಂಡಿ, ಚರಂಡಿಯೊಳಗೇ ಕುಡಿಯುವ ನೀರಿನ ಪ್ಲಾಸ್ಟಿಕ್ ಕೊಳವೆಗಳು. ಕೊಳವೆ ಕೊಳವೆ ಕೂಡುವಲ್ಲಿ ರಬ್ಬರ್ ಪಟ್ಟಿ ಸುತ್ತಿದ್ದಾರೆ. ನೀರು ಬರುವಾಗ ಅಲ್ಲಿಂದ ಸೋರುತ್ತದೆ. ನಿಂತಾಗ ಕೊಳವೆಯೊಳಗೆ ಒತ್ತಡವಿಲ್ಲದೆ ಚರಂಡಿಯ ನೀರನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಮೊದಲ ಬಿಂದಿಗೆಗೆ ಬೀಳುವುದು ಆ ನೀರು. ಕುದಿಸಿ ಕುಡಿಯಿರಿ ಎಂದು ಹೇಳುವುದು ಸುಲಭ, ಹಂಚಿಕೊಂಡ ಒಲೆಯ ಮುಂದೆ ಅನ್ನಕ್ಕೇ ಸರದಿ ಕಾಯುವವರು ನೀರು ಕುದಿಸಲು ಎರಡನೆಯ ಸರದಿ ಎಲ್ಲಿಂದ ತಂದಾರು? ಬೇಸಿಗೆಯಲ್ಲಿ ನೀರಿನ ಬೇಡಿಕೆ ಏರಿ, ಕೊಳವೆಯ ಒತ್ತಡ ಇಳಿದಾಗ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಏಕೆ ಏಳುತ್ತದೆ ಎಂಬುದಕ್ಕೆ ಉತ್ತರ ಈ ಓಣಿಯಲ್ಲಿದೆ.

2022ರ ಆ ಅಬ್ಬರದ ನಂತರ ಜಾತ್ರಾಬಾರಿ, ದಕ್ಷಿಣಖಾನ್, ಮಿರ್‌ಪುರ ಮುಂತಾದ ಕಡೆ ಸುಮಾರು 23 ಲಕ್ಷ ಜನರಿಗೆ ಬಾಯಿಯ ಮೂಲಕ ಕಾಲರಾ ಲಸಿಕೆ ಕೊಡಲು ಸರ್ಕಾರ ಮತ್ತು ಈ ಸಂಸ್ಥೆ ಮುಂದಾದವು. ಒಳ್ಳೆಯ ಕೆಲಸ. ಆದರೆ ಲಸಿಕೆಯ ಬಲ ಕೆಲವು ವರ್ಷಗಳದ್ದು, ಕೊಳವೆಯ ತೂತು ಅಲ್ಲಿಯೇ ಇರುತ್ತದೆ. ಇತ್ತ ಆಸ್ಪತ್ರೆಯ ಕೈಯೂ ಬಿಗಿಯಾಗುತ್ತಿದೆ. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಥಟ್ಟನೆ ನಿಲ್ಲಿಸಿದಾಗ, ಆ ಹಣದಿಂದ ನಡೆಯುತ್ತಿದ್ದ ಯೋಜನೆಗಳ ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಈ ಸಂಸ್ಥೆಯಲ್ಲಿ ಕೆಲಸ ಕಳೆದುಕೊಂಡರು. ಜಗತ್ತಿನಲ್ಲಿ ಇಂದಿಗೂ ವರ್ಷಕ್ಕೆ ಸುಮಾರು 4.4 ಲಕ್ಷ ಪುಟ್ಟ ಮಕ್ಕಳು ಭೇದಿಯಿಂದ ಸಾಯುತ್ತಿರುವಾಗ ನಡೆದದ್ದು ಇದು.

ನನಗೆ ಈ ಆಸ್ಪತ್ರೆಯ ಮೇಲೆ ಅಪಾರ ಗೌರವವಿದೆ. ಅದಕ್ಕಾಗಿಯೇ ಹೇಳುತ್ತೇನೆ: ಸಾಯುವ ಮಗುವನ್ನು ಉಳಿಸುವ ವಿದ್ಯೆ ಐವತ್ತು ವರ್ಷದಿಂದ ನಮ್ಮ ಕೈಯಲ್ಲಿದೆ, ಅದು ಒಂದು ಕಪ್ ಚಹಾಕ್ಕಿಂತ ಅಗ್ಗ. ಅದೇ ಮಗು ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಮಂಚಕ್ಕೆ ಬಂದರೆ ಅದು ವೈದ್ಯರ ಸೋಲಲ್ಲ. ನೀರಿನ ಕೊಳವೆ ಹಾಕಬೇಕಾದವರ, ಕಕ್ಕಸು ಕಟ್ಟಿಸಬೇಕಾದವರ, ತಾಯಿಗೆ ರಜೆ ಕೊಡಬೇಕಾದವರ ಸೋಲು. ಬಾಂಗ್ಲಾದೇಶದಲ್ಲಿ ಐದರೊಳಗಿನ ನಾಲ್ಕು ಮಕ್ಕಳಲ್ಲಿ ಒಂದು ಇಂದಿಗೂ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಬದುಕಿ ಉಳಿದರೆ ಸಾಕೆಂದು ಮಕ್ಕಳ ವಿಷಯದಲ್ಲಿ ತೃಪ್ತಿಪಡುವುದು ನಾಚಿಕೆಗೇಡು.

ಈ ಮಾತನ್ನು ನೆರೆಯವರ ಕಡೆಗೇ ತಿರುಗಿಸಿ ಹೇಳುವ ಹಕ್ಕು ನಮಗಿಲ್ಲ. 2019ರಿಂದ 21ರ ನಡುವಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದರೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಬಾಂಗ್ಲಾದೇಶಕ್ಕಿಂತ ಹೆಚ್ಚು. ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಭಾರತದಲ್ಲಿ ನೂರಕ್ಕೆ ಸುಮಾರು 60 ಮಕ್ಕಳಿಗೆ, ಅದರ ಜೊತೆ ಕೊಡಬೇಕಾದ ಜಿಂಕ್ ಮಾತ್ರೆ ಸಿಕ್ಕಿದ್ದು 30ಕ್ಕೆ. ರಾಯಚೂರಿನಲ್ಲಿ 2022ರಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ನಲ್ಲಿಯ ನೀರು ಕುಡಿದೇ ಜನ ಸತ್ತರು. ಇನ್ನೊಂದು ಕಡೆ, ಓಆರ್‌ಎಸ್ ಎಂಬ ಅಕ್ಷರ ಅಚ್ಚು ಹಾಕಿಕೊಂಡ ಸಕ್ಕರೆ ಪಾನಕದ ಪೊಟ್ಟಣಗಳು ನಮ್ಮ ಔಷಧದ ಅಂಗಡಿಗಳಲ್ಲೇ ವರ್ಷಗಟ್ಟಲೆ ಮಾರಾಟವಾದವು. ಅತಿ ಸಕ್ಕರೆ ಭೇದಿಯನ್ನು ಇನ್ನಷ್ಟು ಕೆರಳಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ದುರ್ಬಳಕೆಯನ್ನು ನಿಷೇಧಿಸಿತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಮಗುವಿದ್ದರೆ, ಇಲ್ಲದಿದ್ದರೆ ನಿಮ್ಮ ಮನೆಗೆಲಸಕ್ಕೆ ಬರುವವರ ಮನೆಯಲ್ಲಿ, ಎದುರಿನ ಕಟ್ಟಡ ಕಟ್ಟುತ್ತಿರುವವರ ಶೆಡ್ಡಿನಲ್ಲಿ ಮಗುವಿದ್ದರೆ, ಎರಡು ಪೊಟ್ಟಣ ಓಆರ್‌ಎಸ್ ಇರುವಂತೆ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿದೆಯೇ ಎಂದು ಓದಿ ಕೊಳ್ಳಿ. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಹಣ ಕೊಡದೆಯೂ ಸಿಗುತ್ತದೆ. ದೊಡ್ಡ ಪೊಟ್ಟಣವಾದರೆ ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪುಡಿ, ಅಂದಾಜಿನ ನೀರು ಬೇಡ. ಕಲಸಿದ್ದನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು, ಊಟ ನಿಲ್ಲಿಸಬಾರದು. ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಹದಿನಾಲ್ಕು ದಿನ ಕೊಡಬೇಕು. ಮಗು ಮಂಕಾದರೆ, ಕುಡಿಯಲು ಒಲ್ಲದಿದ್ದರೆ, ಕಣ್ಣು ಒಳಗಿಳಿದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯುದ್ದಕ್ಕೂ ಚಮಚದಲ್ಲಿ ಕೊಡುತ್ತಲೇ ಇರಿ.